ಕಲ್ಲಿನ ಸಾಲು, ಐದು ಚೌಕ

ಶಲವಡಿಯಲ್ಲಿ ನಮ್ಮ ದಿನ ಕೆರೆಯ ನೀರಿನಿಂದ ಶುರುವಾಗುತ್ತಿತ್ತು. ಬಾವಿಯ ನೀರು ಸೌಳು. ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ, ಚಹಾಕ್ಕೆ ಹಾಕಿದ ಹಾಲು ಒಡೆಯುತ್ತಿತ್ತು. ಆದ್ದರಿಂದ ಬೆಳಕು ಹರಿಯುವ ಹೊತ್ತಿಗೆ ಬಾಜೂ ಮನೆಯ ಕಾಕಿಯ ಜೊತೆ ಎರಡು ಕೊಡ ಹಿಡಿದುಕೊಂಡು ಕೆರೆಗೆ ಹೋಗಿಬರಬೇಕು. ಆ ಬೆಳಿಗ್ಗೆಯೂ ಹೋದೆ. ಹಿಂದಿನ ವಾರ ಮಳೆಯಾಗಿ ದಾರಿಯ ಎರೆಮಣ್ಣು ಇನ್ನೂ ಹಸಿ ಇತ್ತು. ಚಪ್ಪಲಿಗೆ ಮೆತ್ತಿಕೊಂಡು ಒಂದೊಂದು ಕಾಲೂ ಭಾರವಾಗುತ್ತಿತ್ತು. ನೀರು ತಂದು, ಹಳೆಯ ಧೋತರದ ತುಂಡನ್ನು ನಾಲ್ಕು ಮಡಿಕೆ ಮಾಡಿ ಹಂಡೆಗೆ ಸೋಸಿದೆ. ಒಲೆ ಹೊತ್ತಿಸಿ ಚಹಾ ಇಟ್ಟೆ. ಜೋಳದ ಹಿಟ್ಟು ನಾದಿ ಎಂಟು ರೊಟ್ಟಿ ಬಡಿದೆ. ದಿನಾ ಆರು. ಅಂದು ಎರಡು ಹೆಚ್ಚು, ಏಕೆಂದರೆ ಹನ್ನೊಂದರ ಬಸ್ಸಿಗೆ ಧಾರವಾಡದಿಂದ ನನ್ನ ಮೈದುನ ಬರುವವನಿದ್ದ. ಊಟ ಮಾಡಿ ಒಂದೂವರೆಯ ಬಸ್ಸಿಗೆ ಹೋಗುವವನಿದ್ದ.

ಅವನ ಕಾಗದ ಎರಡು ದಿನದಿಂದ ಒಲೆಯ ಮೇಲಿನ ಗೂಡಿನಲ್ಲಿ ಕಡ್ಡಿಪೆಟ್ಟಿಗೆಯ ಕೆಳಗಿತ್ತು. ರೊಟ್ಟಿಯ ನಡುವೆ ಕೈ ಒರೆಸಿಕೊಂಡು ಮತ್ತೊಮ್ಮೆ ಓದಿದೆ. "ವೈನಿ, ಆಕಿ ಪಟ್ಟಿಯೊಳಗ ಒಂದು ಸಾಲು ಸರಿ ಕಾಣವಲ್ಲದು. ಕಲ್ಲಿನ ಸಾಲು. ಮತ್ತೊಮ್ಮೆ ಕೇಳಿ ಬರದು ಇಡ್ರಿ, ನಾನs ಬಂದು ಒಯ್ತೀನಿ. ಮರುದಿನ ಕಾರ್ಡು ಹೋಗಲಿಲ್ಲಂದ್ರ ನಮ್ಮ ಪಾಳಿ ತಪ್ಪತದ. ಮುಂದ ಯಾವಾಗ ಸಿಗ್ತದೋ ಆ ದೇವರಿಗೇ ಗೊತ್ತು."

ಮೈದುನ ಭಾಷೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕಂಪ್ಯೂಟರ್ ಎಂಬ ಹೆಸರನ್ನು ನಾನು ಪತ್ರಿಕೆಯಲ್ಲಿ ಓದಿದ್ದೆನೇ ಹೊರತು ಕಂಡಿರಲಿಲ್ಲ. ಅವನು ಕೂಡ ಅದನ್ನು ಗಾಜಿನ ಆಚೆಯಿಂದ ನೋಡಿದ್ದನಂತೆ, ಚಪ್ಪಲಿ ಹೊರಗೆ ಬಿಟ್ಟು. ದೂರದ ಒಂದು ದೊಡ್ಡ ಸಂಸ್ಥೆಯಲ್ಲಿ ಅದು ಇತ್ತು. ಇವನಂಥವರಿಗೆಲ್ಲ ಪಾಳಿಯ ಪ್ರಕಾರ ಸ್ವಲ್ಪ ಹೊತ್ತು ಕೊಡುತ್ತಿದ್ದರು.

ಕೆಲಸ ಏನೆಂದು ಅವನು ನಮ್ಮ ಪಡಸಾಲೆಯಲ್ಲಿ ಕುಳಿತು ನನಗೆ ತಿಳಿಸಿ ಹೇಳಿದ್ದ. ಎಲ್ಲ ಜನರ ಬಾಯಲ್ಲೂ ಇರಲೇಬೇಕಾದ ಮಾತುಗಳ ಒಂದು ಪಟ್ಟಿ ಮಾಡುವುದು: ನೀರು, ಬೆಂಕಿ, ಕಣ್ಣು, ಎಲುಬು, ತಾಯಿ, ಕಲ್ಲು, ಚುಕ್ಕಿ, ಸಾಯುವುದು. ಇಂಥ ಮಾತುಗಳನ್ನು ಯಾವ ಜನವೂ ಸುಲಭಕ್ಕೆ ಬಿಡುವುದಿಲ್ಲ, ಬೇರೆಯವರಿಂದ ತಂದುಕೊಳ್ಳುವುದೂ ಕಡಿಮೆ ಎಂಬುದು ಆ ವಿದ್ಯೆಯ ನಂಬಿಕೆ. ಒಂದು ಭಾಷೆಯ ಪಟ್ಟಿಯನ್ನು ಇನ್ನೊಂದರ ಮಗ್ಗುಲಿಗೆ ಇಟ್ಟು, ಎಷ್ಟು ಮಾತು ಒಂದೇ ಬೇರಿನವು ಎಂದು ಎಣಿಸಬೇಕು. ಒಂದು ಕಾಲಕ್ಕೆ ಒಂದೇ ಮನೆಯವರಾಗಿದ್ದವರು ಯಾವಾಗ ಬೇರೆಯಾದರು ಎಂಬುದನ್ನು ಆ ಎಣಿಕೆಯಿಂದ ಲೆಕ್ಕ ಹಾಕುತ್ತಾರೆ. ಹತ್ತಿಪ್ಪತ್ತು ಭಾಷೆಗಳನ್ನು ಹೀಗೆ ಒಂದಕ್ಕೊಂದು ಕೈಯಿಂದ ಹೋಲಿಸಲು ವರ್ಷಗಟ್ಟಲೆ ಬೇಕು. ಯಂತ್ರ ಅದನ್ನು ಒಂದು ಮಧ್ಯಾಹ್ನದಲ್ಲಿ ಮಾಡಿ, ಕೊನೆಗೆ ಒಂದು ಗಿಡದ ಚಿತ್ರವನ್ನೂ ಬರೆಯುತ್ತದೆ. ಹೂವಿಲ್ಲ, ಎಲೆಯಿಲ್ಲ, ಬರೀ ನಕ್ಷತ್ರದ ಗುರುತು ಮತ್ತು ಅಡ್ಡಗೆರೆಗಳಲ್ಲಿ ಹರಿದುಕೊಂಡು ಹೋಗುವ ಕೊಂಬೆಗಳು. ಅಂಥ ಕಾಗದಗಳನ್ನು ಅವನು ತರುತ್ತಿದ್ದ: ತೆಳು ಹಸಿರು ಪಟ್ಟೆ, ಎರಡೂ ಅಂಚಿಗೆ ಸಾಲಾಗಿ ತೂತು. ಕೆಲಸ ಮುಗಿದವನ್ನು ನಾನು ಉಪ್ಪಿನಕಾಯಿ ಭರಣಿಗಳ ಕೆಳಗೆ ಹಾಸುತ್ತಿದ್ದೆ.

ಇದರಲ್ಲಿ ನನ್ನ ಪಾಲು ಎಂದರೆ ಅಕ್ಷರ. ನಾನು ಹುಬ್ಬಳ್ಳಿಯಲ್ಲಿ ಕಾನ್ವೆಂಟಿನಲ್ಲಿ ಕಲಿತವಳು. ಯಂತ್ರಕ್ಕೆ ಕೊಡುವ ಮಾತುಗಳನ್ನು ಚೌಕ ಚೌಕ ಹಾಕಿದ ಉದ್ದನೆಯ ಹಾಳೆಯಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ, ಒಂದು ಚೌಕಕ್ಕೆ ಒಂದರಂತೆ ಬರೆಯಬೇಕಿತ್ತು. ಅದನ್ನು ನೋಡಿ ಅಲ್ಲಿಯವರು ದಪ್ಪ ಕಾರ್ಡುಗಳಿಗೆ ತೂತು ಹೊಡೆದು ಯಂತ್ರಕ್ಕೆ ಹಾಕುತ್ತಿದ್ದರು. ಮೈದುನನ ಅಕ್ಷರ ಅವನಿಗೇ ತಿಳಿಯುತ್ತಿರಲಿಲ್ಲ. ನನ್ನದನ್ನು ನೋಡಿ, "ವೈನಿ, ಇದು ಅಗದಿ ಅಚ್ಚು ಹಾಕಿಧಂಗ ಅದ," ಎಂದ. ಮದುವೆಯಾಗಿ ಒಂಬತ್ತು ವರ್ಷಕ್ಕೆ ನನ್ನ ಕಾನ್ವೆಂಟು ಈ ಮನೆಯಲ್ಲಿ ಮೊದಲ ಸಲ ಉಪಯೋಗಕ್ಕೆ ಬಂದಿತ್ತು. ಆ ಸಂತೋಷವನ್ನು ನಾನು ಮುಚ್ಚಿಡುವುದಿಲ್ಲ, ಮುಂದೆ ಆದದ್ದಕ್ಕೆ ಅದೂ ಒಂದು ಕಾರಣ.

ಅವನ ಪಟ್ಟಿಗೆ ನಮ್ಮೂರಿನಿಂದ ಬೇಕಾಗಿದ್ದವಳು ಬುಟ್ಟಿ ಹೆಣೆಯುವ ಒಬ್ಬ ಮುದುಕಿ. ಊರ ಹೊರಗೆ, ಹಳ್ಳದ ದಂಡೆಯ ಮೇಲೆ ಅವರ ನಾಲ್ಕೈದು ಮನೆಗಳಿದ್ದವು. ಮನೆಯೊಳಗೆ ಆಡಿಕೊಳ್ಳಲು ಅವರಿಗೆ ತಮ್ಮದೇ ಒಂದು ಮಾತಿತ್ತು. ನೀರಿಗೆ ತಣ್ಣಿ ಎನ್ನುತ್ತಿದ್ದರು. ಕೇಳಿದರೆ ತಮಿಳಿನಂತೆ, ಆದರೆ ತಮಿಳಲ್ಲ. ಎಷ್ಟು ತಲೆಮಾರಿನ ಹಿಂದೆ, ಯಾವ ದಾರಿಯಿಂದ ಈ ಎರೆ ಸೀಮೆಗೆ ಬಂದರೋ ಅವರಿಗೂ ತಿಳಿಯದು. ಉಳಿದವರೆಲ್ಲ ಕನ್ನಡಕ್ಕೆ ಬಿದ್ದಿದ್ದರು. ಅವಳ ಮೈದುನಂದಿರನ್ನು ಕೇಳಿದರೆ, "ಅದನ್ನೆಲ್ಲ ಮರತ ಬಿಟ್ಟೇವ್ರಿ" ಎಂದು ನಾಚಿಕೊಂಡು ಎದ್ದು ಹೋಗುತ್ತಿದ್ದರು. ಆ ಮಾತು ಪೂರ್ತಿಯಾಗಿ ಉಳಿದದ್ದು ಇವಳೊಬ್ಬಳ ಬಾಯಲ್ಲಿ.

ಅರವತ್ತರ ಆಸುಪಾಸು. ಎರಡೂ ಮುಂಗೈಗೆ ಹಸಿರು ಗಾಜಿನ ಬಳೆ, ಹಣೆಗೆ ಕಾಸಿನಗಲ ಕುಂಕುಮ. ಬಿದಿರು ಸೀಳಿ ಸೀಳಿ ಅವಳ ಹೆಬ್ಬೆರಳ ಒಳಮೈಯಲ್ಲಿ ಕಪ್ಪು ಗೆರೆಗಳು ಮೂಡಿದ್ದವು. ಬಳೆಗೆ ಬಿದಿರಿನ ಸೀಳು ಬಡಿಯದ ಹಾಗೆ ಅವುಗಳನ್ನು ಮೊಳಕೈವರೆಗೆ ಏರಿಸಿ, ಮೇಲೆ ಒಂದು ಅರಿವೆ ಸುತ್ತಿ ಹೆಣೆಯಲು ಕೂರುತ್ತಿದ್ದಳು. ಒಂದೂ ಒಡೆಯಬಾರದು.

ಆ ಬಳೆಗಳ ವಿಷಯ ಊರಿಗೆಲ್ಲ ಗೊತ್ತಿತ್ತು. ಹನ್ನೆರಡು ವರ್ಷದ ಹಿಂದೆ ಅವಳ ಗಂಡ ಬಿದಿರು ತರಲು ಕಲಘಟಗಿಯ ಕಡೆ, ದೇವಿಕೊಪ್ಪದ ಅಡವಿಗೆಂದು ಹೋದವನು ತಿರುಗಿ ಬರಲಿಲ್ಲ. ಹೆಣ ಸಿಗಲಿಲ್ಲ, ಸುದ್ದಿಯೂ ಇಲ್ಲ. ಹನ್ನೆರಡು ವರ್ಷ ಕಳೆದರೆ ಅಂಥವನನ್ನು ಸತ್ತವನೆಂದೇ ಎಣಿಸಿ, ಹುಲ್ಲಿನ ಗೊಂಬೆ ಮಾಡಿ ಸುಟ್ಟು, ದಿನ ಮಾಡಬೇಕು. ಅವಳ ಮೈದುನಂದಿರು ಅದಕ್ಕಾಗಿ ಹಟ ಹಿಡಿದಿದ್ದರು. ಅದು ಆಗದೆ ಮನೆಯಲ್ಲಿ ಅವರಲ್ಲೊಬ್ಬನ ಮಗಳ ಮದುವೆ ಮಾಡುವಂತಿಲ್ಲ ಎಂದು ಅವರ ಹಿರಿಯರು ಹೇಳಿದ್ದರಂತೆ. ಇವಳು ಒಪ್ಪುತ್ತಿರಲಿಲ್ಲ. "ಅಂವ ಬರಾಂವ ಅದಾನ," ಎನ್ನುತ್ತಿದ್ದಳು, ಅಷ್ಟೇ. ರೇಷನ್ ಕಾರ್ಡಿನವರು ಬಂದು ಗಂಡನ ಹೆಸರು ಕೇಳಿದಾಗ ಬಾಜೂ ನಿಂತವಳ ಕಡೆ ಕೈ ತೋರಿಸಿದಳಂತೆ. ಆ ಅಧಿಕಾರಿ ರೇಗಿದರೂ ಬಾಯಿ ಬಿಡಲಿಲ್ಲ. "ಗಂಡ ಸತ್ತಾಕಿ ಹೆಸರ ಹೇಳತಾಳ್ರಿ. ನಾ ಯಾಕ ಹೇಳಲಿ?" ಎಂದಳಂತೆ. ಇದನ್ನು ಕಾಕಿ ನನಗೆ ನಗುತ್ತ ಹೇಳಿದ್ದರು.

ನಾನು ಆಗ ನಕ್ಕಿರಲಿಲ್ಲ. ನನ್ನ ಗಂಡನ ಹೆಸರು ನಾನೂ ಹೇಳುವುದಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ ನಮ್ಮನ್ನು ಸಾಲಾಗಿ ನಿಲ್ಲಿಸಿ ಅಪ್ಪ ಅಮ್ಮನ ಪೂರ್ತಿ ಹೆಸರು ಗಟ್ಟಿಯಾಗಿ ಹೇಳಿಸುತ್ತಿದ್ದರು. ಮದುವೆಯಾದ ಮೇಲೆ ಆ ಗಟ್ಟಿ ದನಿ ಹೋಯಿತು. ಪೋಸ್ಟಿನಲ್ಲಿ, ದವಾಖಾನೆಯಲ್ಲಿ ಕೇಳಿದರೆ ಚೀಟಿಯ ಮೇಲೆ ಬರೆದು ತೋರಿಸುತ್ತಿದ್ದೆ. ಓದು ಬಂದವಳಿಗೆ ಆ ಒಂದು ದಾರಿ ಇತ್ತು.

ಮೂರು ತಿಂಗಳ ಹಿಂದೆ, ಮೊದಲ ಸಲ ಪಟ್ಟಿ ತುಂಬಿದಾಗ, ಅವಳು ಎರಡು ಮಧ್ಯಾಹ್ನ ನಮ್ಮ ಕಟ್ಟೆಯ ಕೆಳಗಿನ ಮೆಟ್ಟಿಲ ಮೇಲೆ ಕುಳಿತಿದ್ದಳು. ಮೈದುನ ಕುರ್ಚಿಯ ಮೇಲೆ, ನಾನು ಹೊಸ್ತಿಲ ಒಳಗೆ ಹಾಳೆ ಹಿಡಿದು. ಅವಳ ಚಹಾದ ಬಟ್ಟಲು ಹೊರಗಿನ ಗೂಡಿನಲ್ಲಿ ಬೇರೆಯಾಗಿ ಇರುತ್ತಿತ್ತು. ಕುಡಿದು ಅವಳೇ ತೊಳೆದು ಬೋರಲು ಹಾಕುತ್ತಿದ್ದಳು. ಅವಳ ಬಾಯ ಮಾತನ್ನು ಇಷ್ಟು ಜೋಪಾನವಾಗಿ ಒಳಗೆ ತೆಗೆದುಕೊಂಡ ನಾವು ಬಟ್ಟಲನ್ನು ಹೊರಗೇ ಇಟ್ಟಿದ್ದೆವು. ಆಗ ನನಗೆ ಅದು ಕಣ್ಣಿಗೆ ಬಿದ್ದಿತ್ತು. ಬಿದ್ದಿತ್ತು ಅಷ್ಟೇ.

ಮೈದುನ ಒಂದೊಂದೇ ಕೇಳುತ್ತಿದ್ದ. ಕೈ, ಕಾಲು, ಮೂಗು, ಹೊಟ್ಟೆ.

"ಹೊಟ್ಟಿಗೆ ಏನಂತೀರಿ ಅಂತ ಕೇಳಿದ್ರಿ," ಎಂದಳು ಅವಳು, "ಹೊಟ್ಟ್ಯಾಗ ಏನೈತಿ ಅಂತ ಕೇಳಲಿಲ್ಲಲ್ರಿ ಸಣ್ಣ ಸಾಹೇಬ್ರ."

ಮೈದುನ ತಬ್ಬಿಬ್ಬಾದ. ನಾನು ಎದ್ದು ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ತಂದುಕೊಟ್ಟೆ. ಗೋಡೆಯ ಆಚೆಯಿಂದ ಕಾಕಿ ಇಣುಕಿ, "ಏನ್ರೀ, ಆಕಿ ಬಾಯಾಗೇನ ಬಂಗಾರ ಉದರತೈತೇನ್ರಿ, ಇಬ್ಬರೂ ಬಗ್ಗಿ ಬಗ್ಗಿ ಆರಿಸಾಕ ಹತ್ತೀರಲ್ಲ?" ಎಂದರು. ಮುದುಕಿ ಬಾಯ ತುಂಬ ರೊಟ್ಟಿ ಇಟ್ಟುಕೊಂಡೇ ತಿರುಗಿ, "ಬಂಗಾರ ಇದ್ದಿದ್ರ ನೀವು ಬಿಡತಿದ್ರೇನ್ರಿ ಗೌಡಸಾನಿ," ಎಂದಳು. ಎಲ್ಲರೂ ನಕ್ಕೆವು. ಆ ಎರಡು ಮಧ್ಯಾಹ್ನಗಳು ಚೆನ್ನಾಗಿದ್ದವು.

ಎರಡನೆಯ ದಿನ ಅವಳು, ಇದನ್ನೆಲ್ಲ ಬರೆದುಕೊಂಡು ಏನು ಮಾಡುತ್ತೀರಿ ಎಂದು ಕೇಳಿದಳು. ಮೈದುನ ಹಾಳೆಯ ಹಿಂಬದಿಗೆ ಒಂದು ಗೆರೆ ಎಳೆದು, ಅದರಿಂದ ಎರಡು ಕೊಂಬೆ ಒಡೆದು ತೋರಿಸಿದ. "ನೋಡು ಆಯಿ, ನಿಮ್ಮವರು, ತಮಿಳರು, ನಾವು, ಎಲ್ಲಾರೂ ಮೊದಲ ಒಂದs ಮನ್ಯಾಗ ಇದ್ವಿ ಅಂತ ತಿಳಕೋ. ಯಾರು ಯಾವಾಗ ಬಿಟ್ಟು ಹೋದರು, ಹೋಗಿ ಎಷ್ಟು ವರ್ಷಾತು, ಅದನ್ನ ಆ ಮಿಷನ್ನು ಮಾತು ನೋಡಿ ಹೇಳತದ."

"ಬಿಟ್ಟು ಹ್ವಾದವರು ಎಷ್ಟು ವರ್ಷದ ಹಿಂದ ಹ್ವಾದ್ರು ಅಂತ ಹೇಳತೈತಿ?"

"ಹೌದು."

ಅವಳು ಆ ಗೆರೆಯನ್ನು ಬಹಳ ಹೊತ್ತು ನೋಡಿದಳು.

ಆ ಪಟ್ಟಿಯಲ್ಲಿ ಕಲ್ಲಿನ ಎದುರಿಗೆ ಅವಳು ಹೇಳಿದ್ದು "ಗಟ್ಟಿ" ಎಂದು. ನಾನು ಹಾಗೆಯೇ ಬರೆದಿದ್ದೆ. ಯಂತ್ರ ಎಲ್ಲ ಭಾಷೆಗಳ ಸಾಲು ಹಚ್ಚಿದಾಗ ತಮಿಳು, ಮಲಯಾಳ, ತುಳು, ಕನ್ನಡ ಎಲ್ಲದರಲ್ಲೂ ಅದು ಒಂದೇ ಮಾತು, ಇವಳಲ್ಲಿ ಮಾತ್ರ ಬೇರೆ. ಇಂಥ ಮೂಲದ ಮಾತೇ ಬದಲಾಗಿದ್ದರೆ ಇವರು ಬೇರೆಯಾಗಿ ಇನ್ನೂ ಬಹಳ ಕಾಲವಾಗಿರಬೇಕು ಎಂದು ಯಂತ್ರದ ಲೆಕ್ಕ. ಮೈದುನನಿಗೆ ಅನುಮಾನ ಬಂತು, ಕಾಗದ ಬರೆದ.

ಕಾಗದ ಓದಿದ ದಿನವೇ ನನಗೆ ಕಾರಣ ತಿಳಿಯಿತು. ಮಧ್ಯಾಹ್ನ ಕಡಲೆ ಬೀಸುತ್ತ ಕುಳಿತಿದ್ದೆ. ಹಿಂದೊಮ್ಮೆ ಅವಳು ಬಾಗಿಲಲ್ಲಿ ನಿಂತು, "ಬಾಯಾರ, ನಿಮ್ಮ ಬೀಸೂದರ ಗೂಟ ಸಡ್ಲ ಆಗೇತ್ರಿ," ಎಂದದ್ದು ನೆನಪಾಯಿತು. ಬೀಸುವ ಕಲ್ಲು ಎನ್ನಲಿಲ್ಲ, ಬೀಸೂದು ಎಂದಳು. ಅಕ್ಕಿ ಆರಿಸಿಕೊಡುವಾಗ ಹರಳು ಎನ್ನುತ್ತಿದ್ದಳು. ಹಿಂದಿನ ವರ್ಷ ಆಲಿಕಲ್ಲು ಬಿದ್ದು ಜೋಳ ಮಲಗಿದಾಗ, "ಆಲಿ ಬಿದ್ವು ಆಲಿ," ಎಂದು ಬಾಯಿ ಬಡಿದುಕೊಂಡಿದ್ದಳು. ಅವಳ ಬಾಯಿಂದ ಆ ಒಂದು ಮಾತನ್ನು ನಾನು ಎಂದೂ ಕೇಳಿರಲಿಲ್ಲ. ಊರವರು ಅವಳ ಗಂಡನನ್ನು ಏನೆಂದು ಕರೆಯುತ್ತಿದ್ದರೆಂದು ನನಗೆ ಗೊತ್ತಿತ್ತು. ಆ ಹೆಸರು ಕಲ್ಲಿನಿಂದ ಶುರುವಾಗುತ್ತಿತ್ತು. ಬೀಸುವುದನ್ನು ನಿಲ್ಲಿಸಿದೆ. ನಾನೂ ಮೈದುನನೂ ಇಲ್ಲಿಯವರೇ. ಮೈದುನನ ತಾಯಿ ಸಾಯುವ ತನಕ ಗಂಡನ ಹೆಸರೆತ್ತಿದವರಲ್ಲ. ಆದರೂ ಪಟ್ಟಿ ಮಾಡುವಾಗ ಇದು ಇಬ್ಬರಿಗೂ ಹೊಳೆದಿರಲಿಲ್ಲ.

ಅಂದರೆ ಕೇಳುವ ಮೊದಲೇ ನನಗೆ ಎಲ್ಲವೂ ಗೊತ್ತಿತ್ತು. ಏನು ಕೇಳಿದರೆ ಏನಾಗುತ್ತದೆಂದೂ ಅಷ್ಟಿಷ್ಟು ಗೊತ್ತಿತ್ತು. ಆ ಚೌಕಗಳಲ್ಲಿ ನಾನೇ ಬರೆದುಬಿಡಬಹುದಿತ್ತು. ಕೆ, ಎ, ಎರಡು ಎಲ್, ಯು. ಐದು ಚೌಕ. ಆದರೆ ಮೈದುನ ಮೊದಲ ದಿನವೇ ಹೇಳಿದ್ದ: ಅವರ ಬಾಯಿಂದ ಬಂದದ್ದನ್ನು ಮಾತ್ರ, ನಮ್ಮ ಊಹೆಯದು ಒಂದಕ್ಷರವೂ ಬೇಡ. ಕಾನ್ವೆಂಟಿನಲ್ಲಿ ಬಾಜೂದವಳ ಪಾಟಿ ನೋಡಿ ಬರೆದದ್ದಕ್ಕೆ ಬೆರಳಿನ ಗೆಣ್ಣಿನ ಮೇಲೆ ಬಿದ್ದ ರೂಲುದೊಣ್ಣೆ ನನಗೆ ಇನ್ನೂ ಮರೆತುಹೋಗಿರಲಿಲ್ಲ. ಸುಳ್ಳು ಬರೆಯಬಾರದು. ನನ್ನ ಹಾಳೆಯಲ್ಲಿ ತಪ್ಪು ಇರಬಾರದು.

ಒಂಬತ್ತು ಗಂಟೆಗೆ ಅವಳು ಬಂದಳು. ನಮ್ಮ ಮೊರದ ಅಂಚು ಬಿಚ್ಚಿತ್ತು, ಕಟ್ಟಿ ತಂದಿದ್ದಳು. ಇವರು ಒಳಗೆ ಶಾಲೆಗೆ ಹೊರಡುವ ಗಡಿಬಿಡಿಯಲ್ಲಿದ್ದರು. ಊರ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದರು, ಹೋಗುವಾಗ ಅವಳನ್ನು ನೋಡಿ, "ಏನ ಆಯಿ, ಇವತ್ತ ಪರೀಕ್ಷಾ ಇನ್ನೊಮ್ಮೆ ಅಂತಲ್ಲ, ನಪಾಸ ಆದ್ಯೇನು?" ಎಂದು ನಗಿಸಿ ಹೋದರು. ಅವಳು ಸೆರಗು ಎಳೆದುಕೊಂಡು ನಕ್ಕಳು. ಅವಳ ಬಟ್ಟಲಿಗೆ ಚಹಾ ಹೊಯ್ದೆ, ಎತ್ತರದಿಂದ, ಎಂದಿನಂತೆ.

"ಆಯಿ, ಒಂದು ಮಾತು ಬರೋಬ್ಬರಿ ಆಗಿಲ್ಲಂತ. ಒಂದs."

"ಯಾವುದ್ರಿ?"

ಎರೆಹೊಲದ ಊರು, ಅಂಗಳದಲ್ಲಿ ಹುಡುಕಿದರೂ ಬೆಣಚುಕಲ್ಲು ಸಿಗುವುದಿಲ್ಲ. ಒಳಗಿನಿಂದ ಖಾರ ಅರೆಯುವ ಗುಂಡನ್ನು ತಂದು ಅವಳ ಮುಂದೆ ಇಟ್ಟೆ. ಅವಳು ಅದನ್ನು ನೋಡಿದಳು. ನೋಡಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಅದನ್ನ ಹೇಳೇನಲ್ರಿ. ಗಟ್ಟಿ ಅಂತ."

"ಹಂಗಲ್ಲ. ನೀ ಸಣ್ಣಾಕಿ ಇದ್ದಾಗ, ಲಗ್ನ ಆಗೂಕಿಂತ ಮೊದಲ, ನಿಮ್ಮ ತವರಮನ್ಯಾಗ ಏನಂತಿದ್ದಿ?"

ಕೇಳಿದ ಮೇಲೆ ನನಗೇ ನನ್ನ ಜಾಣತನ ಕಂಡು ಹೇಗೋ ಆಯಿತು. ಅವಳು ತಲೆ ಎತ್ತಲಿಲ್ಲ.

"ತಿಳದs ಕೇಳತೀರಿ ಹಂಗಾರ," ಎಂದಳು.

ಬೀದಿಯಲ್ಲಿ ಎತ್ತಿನ ಗಾಡಿಯೊಂದು ಹೋಯಿತು. ಅವಳು ಅದು ಮರೆಯಾಗುವ ತನಕ ನೋಡಿದಳು.

"ಅದನ್ನ ಬಿಟ್ಟ ಬಿಡ್ರಿ ಬಾಯಾರ. ಉಳಿದದ್ದ ಎಲ್ಲಾ ಹೇಳೇನಲ್ಲ. ಬೇಕಾದ್ರ ಇನ್ನಷ್ಟ ಕೇಳ್ರಿ. ಹಾಡ ಬೇಕಂದ್ರ ಹಾಡ ಹೇಳತೀನಿ."

"ಒಂದs ಸಲ ಆಯಿ. ಇಲ್ಲೆ ನಾವಿಬ್ಬರs ಅದೇವಿ. ಯಾರ ಕೇಳತಾರ? ಇದೊಂದು ಆಗಲಿಲ್ಲಂದ್ರ ಅವನ ಕೆಲಸ ಅರ್ಧಕ್ಕ ನಿಲ್ಲತದ. ನೀ ಹೇಳಿದ್ದೆಲ್ಲಾ ದಂಡ ಆಗತದ."

ಇದು ಪೂರ್ತಿ ನಿಜವಲ್ಲ. ಒಂದು ಸಾಲು ಖಾಲಿ ಬಿಟ್ಟರೂ ಯಂತ್ರ ನಡೆಯುತ್ತಿತ್ತು. ಮೈದುನ ಅದನ್ನೂ ಒಮ್ಮೆ ಹೇಳಿದ್ದ, ಮಾತು ಸಿಗದಿದ್ದರೆ ಸೊನ್ನೆ ಹಾಕಿರಿ ಎಂದು. ಹಾಳೆಯಲ್ಲಿ ಸುಳ್ಳು ಬರೆಯಬಾರದೆಂದು ನಿಯಮ ಹಿಡಿದವಳು ಬಾಯಲ್ಲಿ ಆಡಿದೆ.

ಅವಳು ಚಹಾ ಮುಗಿಸಿದಳು. ಬಟ್ಟಲ ತಳದ ಸಕ್ಕರೆಯನ್ನು ಬೆರಳಿನಿಂದ ತೆಗೆದು ತಿಂದಳು. ಆಮೇಲೆ ಕೇಳಿದಳು:

"ಆ ಮಿಷನ್ನು, ಬಿಟ್ಟು ಹ್ವಾದವರು ಎಷ್ಟು ವರ್ಷಾತು ಅಂತ ಹೇಳತೈತಿ ಅಂದಿದ್ರಲ್ರಿ ಸಣ್ಣ ಸಾಹೇಬ್ರು?"

"ಹೂಂ."

"ಅವರು ತಿರುಗಿ ಬಂದು ಕೂಡತಾರೋ ಇಲ್ಲೋ, ಅದನ್ನೂ ಹೇಳತೈತೇನ್ರಿ?"

ಒಳಗೆ ಬೇಳೆ ಉಕ್ಕಿ ಒಲೆಗೆ ಬೀಳುವ ಸಪ್ಪಳ ಕೇಳಿಸಿತು. ನಾನು ಅರ್ಧ ಎದ್ದಿದ್ದೆ. ಗೋಡೆಯ ಗಡಿಯಾರ ಹತ್ತಕ್ಕೆ ಹತ್ತಿರ ತೋರಿಸುತ್ತಿತ್ತು. ನನ್ನ ಕಣ್ಣ ಮುಂದೆ ಇದ್ದದ್ದು ಆ ಹಸಿರು ಪಟ್ಟೆಯ ಕಾಗದ, ಅದರಲ್ಲಿ ಒಡೆದು ಒಡೆದು ಬಲಕ್ಕೆ ಹೋಗುವ ಕೊಂಬೆಗಳು. ಅವಳ ಪ್ರಶ್ನೆ ಯಾರ ಬಗ್ಗೆ ಎಂದು ಯೋಚಿಸುವಷ್ಟೂ ನಾನು ನಿಲ್ಲಲಿಲ್ಲ.

"ಇಲ್ಲ ಆಯಿ. ಆ ಲೆಕ್ಕದಾಗ ಒಮ್ಮೆ ಬ್ಯಾರೆ ಆದವರು ಮತ್ತ ಕೂಡೂದಿಲ್ಲ."

"ಯಾರೂ?"

"ಯಾರೂ ಇಲ್ಲ," ಎಂದು ಒಳಗೆ ಓಡಿದೆ.

ಬೇಳೆ ಇಳಿಸಿ ಬಂದಾಗ ಅವಳು ಬಟ್ಟಲು ತೊಳೆದು ಗೂಡಿನಲ್ಲಿ ಬೋರಲು ಹಾಕಿದ್ದಳು. ಎದ್ದು ನಿಂತಿದ್ದಳು. ನನ್ನನ್ನು ಕಂಡು ತಲೆಯ ಮೇಲೆ ಸೆರಗು ಹೊದ್ದು, ಗೋಡೆಯ ಕಡೆ ಮುಖ ತಿರುಗಿಸಿದಳು. ಎಡಗೈಯಿಂದ ಬಲಗೈಯ ಬಳೆಗಳನ್ನು ಒತ್ತಿ ಹಿಡಿದುಕೊಂಡಳು, ಸಪ್ಪಳವಾಗದ ಹಾಗೆ. ಹೇಳಿದಳು.

ಅದು ನಾನು ತಿಳಿದದ್ದೇ ಆಗಿತ್ತು. ನಾವೆಲ್ಲ ಅನ್ನುವುದೇ. ಒಂದಕ್ಷರದ ವ್ಯತ್ಯಾಸವೂ ಇಲ್ಲ.

"ಬರಕೊಂಡ್ರಿ?"

"ಬರಕೊಂಡೆ."

"ಹೂಂ," ಎಂದಳು. ಮೊರ ಕಟ್ಟಿದ್ದಕ್ಕೆ ಕೊಡಬೇಕಾದ ಜೋಳ ಒಯ್ಯಲು ಮರೆತಳು. ನಾನು ಕರೆದೆ, ತಿರುಗಿ ನೋಡಲಿಲ್ಲ. ಹಸಿ ಎರೆಮಣ್ಣಿನಲ್ಲಿ ಅವಳ ಬರಿಗಾಲ ಗುರುತುಗಳು ಹಳ್ಳದ ಕಡೆ ಹೋಗಿದ್ದವು, ಹಿಮ್ಮಡಿಯ ಕಡೆ ಆಳ.

ಹನ್ನೊಂದರ ಬಸ್ಸು ಹನ್ನೊಂದೂವರೆಗೆ ಬಂತು. ಮೈದುನ ಕೈಕಾಲು ತೊಳೆಯದೆ ಹಾಳೆ ನೋಡಿದ. "ನಾ ಅಂದಿದ್ದಿಲ್ಲೇನು ವೈನಿ! ಇದs ಇರಬೇಕಂತ ನನಗ ಗೊತ್ತಿತ್ತು." ನನಗೂ ಗೊತ್ತಿತ್ತು ಎಂದು ನಾನು ಹೇಳಲಿಲ್ಲ. ಅವಳು ಮೊದಲು ಯಾಕೆ ಬೇರೆ ಹೇಳಿದ್ದಳೆಂದು ತಿಳಿಸಿದೆ. ಅವನ ರೊಟ್ಟಿ ಮುರಿಯುವ ಕೈ ನಿಂತಿತು. ಅವನು ಕೆಟ್ಟವನಲ್ಲ.

"ಹಂಗಾದ್ರ," ಎಂದ, "ಉಳಿದ ಪಟ್ಟಿಯೊಳಗೂ ಹಿಂಗ ಎಷ್ಟು ಇರಬಹುದು? ನಾವು ವರ್ಷ ಅಂತ ಎಣಸೂದು ಖರೇನs ವರ್ಷ ಏನು?"

ಈ ಮಾತು ನನ್ನಲ್ಲಿ ಬಹಳ ಕಾಲ ಉಳಿಯಿತು. ಎಷ್ಟು ಊರುಗಳಲ್ಲಿ, ಎಷ್ಟು ತಲೆಮಾರು, ಗಂಡನ ಹೆಸರಿಗೆ, ಮಾವನ ಹೆಸರಿಗೆ ತಾಗಬಾರದೆಂದು ಹೆಂಗಸರು ಮಾತು ಬದಲಿಸಿಕೊಂಡು, ಬದಲಿಸಿದ್ದನ್ನೇ ಮಕ್ಕಳಿಗೆ ಕಲಿಸಿ ಸತ್ತಿದ್ದಾರೋ. ಯಂತ್ರ ಅದನ್ನೆಲ್ಲ ಕಾಲವೆಂದು ಎಣಿಸಿಕೊಂಡು ಹೋಗುತ್ತದೆ. ಎರಡು ತಿಂಗಳ ಮೇಲೆ ಹೊಸ ಕಾಗದ ಬಂದಾಗ ಹಳೆಯದನ್ನು ಭರಣಿಯ ಕೆಳಗಿನಿಂದ ತೆಗೆದು ಎರಡನ್ನೂ ಪಕ್ಕದಲ್ಲಿ ಹಾಸಿ ನೋಡಿದೆ. ಅವಳ ಕೊಂಬೆ ತಮಿಳಿನ ಕಡೆ ಸರಿದಿತ್ತು. ಒಂದು ನಕ್ಷತ್ರದಷ್ಟು.

ಆ ದಿನ ಒಂದೂವರೆಯ ಬಸ್ಸಿಗೆ ಅವನನ್ನು ಕಳಿಸಿ, ಪಾತ್ರೆ ತಿಕ್ಕಿ, ಸ್ವಲ್ಪ ಹೊತ್ತು ಮಲಗಿದೆ. ಅವಳ ಜೋಳವನ್ನು ಒಂದು ಅರಿವೆಯಲ್ಲಿ ಕಟ್ಟಿ ಕಟ್ಟೆಯ ಮೇಲೆ ಇಟ್ಟಿದ್ದೆ, ಬರಬಹುದೆಂದು. ಬರಲಿಲ್ಲ. ನಾಳೆ ನಾನೇ ಹೋಗಿ ಕೊಟ್ಟು, ನಾನು ಹೇಳಿದ್ದು ಭಾಷೆಗಳ ಬಗ್ಗೆ, ಮನುಷ್ಯರ ಬಗ್ಗೆ ಅಲ್ಲ ಎಂದು ಹೇಳಿಬರಬೇಕು ಎಂದುಕೊಂಡೆ. ಹಾಗೆ ಅಂದುಕೊಂಡ ಮೇಲೆ ಮನಸ್ಸು ಸ್ವಲ್ಪ ಹಗುರಾಯಿತು. ಕಂದೀಲಿನ ಗಾಜು ಒರೆಸಿ, ಬತ್ತಿ ಕತ್ತರಿಸಿ, ದೀಪ ಹಚ್ಚಲು ಇನ್ನೂ ಹೊತ್ತಿದೆಯಲ್ಲ ಎಂದು ಅಂಗಳದಲ್ಲಿ ನಿಂತಿದ್ದೆ.

ಗೋಡೆಯ ಆಚೆ ಕಾಕಿ ಎಮ್ಮೆಗೆ ಹಿಂಡಿ ಕಲಸುತ್ತಿದ್ದರು. ಮೊಳಕೈವರೆಗೆ ಕೈ ಬುಟ್ಟಿಯೊಳಗೆ ಇಟ್ಟುಕೊಂಡೇ, ನನ್ನ ಕಡೆ ಪೂರ್ತಿ ತಿರುಗದೆ ಹೇಳಿದರು:

"ಆ ಬುಟ್ಟಿಯಾಕಿ ಮಧ್ಯಾಹ್ನ ತಾನs ಹಳ್ಳಕ್ಕಿಳದು ಬಳಿ ಒಡಕೊಂಡ ಬಂದಾಳಂತ್ರಿ. ಹನ್ನೆರಡು ವರ್ಷ ಯಾರ ಹೇಳಿದ್ರೂ ಕೇಳಲಿಲ್ಲ, ಇವತ್ತ ಏನ ತಿಳೀತೋ ಏನೋ. ಛಲೋನs ಆತು ಬಿಡ್ರಿ, ಇನ್ನ ಆಕಿ ಮೈದುನನ ಮಗಳ ಲಗ್ನ ಆದ್ರೂ ಆದೀತು. ಹದಿನೈದು ದಿನಾತ್ರಿ ನನ್ನ ಮರಾ ಅಂಚು ಕಟ್ಟಾಕಂತ ಒಯ್ದು, ಇನ್ನ ಸೂತಕ ಮುಗಿಯೂತನಕ ಆಕಿ ಅದನ್ನ ಮುಟ್ಟಾಕಿ ಅಲ್ಲ ನೋಡ್ರಿ."